ಶ್ಯೂರ್ ವಿ15 ಟೈಪ್ 3: ಹಳೇ ಕಾರ್ಟ್ರಿಡ್ಜ್ ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ಲೇಟುಪೆಟ್ಟಿಗೆ:
ಶ್ಯೂರ್ ಕಂಪನಿಯ ವಿ15 ಟೈಪ್ 3 ಕಾರ್ಟ್ರಿಡ್ಜ್ (ರೆಕಾರ್ಡ್ ಪ್ಲೇಯರಿನಲ್ಲಿ ಮುಳ್ಳು ಕೂರುವ, ಅದರ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಒಂದು ಮಾರಾಟಕ್ಕೆ ಬಂದಿದೆ. ಜೊತೆಗಿರುವ ಮುಳ್ಳು ಕಂಪನಿಯದೇ, ವಿಎನ್35ಇ. ಎಷ್ಟು ಓಡಿದೆ ಅಂತ ಮಾರುವವರಿಗೂ ಗೊತ್ತಿಲ್ಲ. ಕಾರ್ಟ್ರಿಡ್ಜ್ ಹೊರುವ ನನ್ನ ಟೋನ್‌ಆರ್ಮ್‌ನ ಎಫೆಕ್ಟಿವ್ ಮಾಸ್ (ಆಡುವಾಗ ಮುಳ್ಳಿಗೆ ತಟ್ಟುವ ತೂಕ) 12 ಗ್ರಾಂ, ಫೋನೋ ಸ್ಟೇಜ್ (ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) 47 ಕಿಲೋ ಓಮ್, ಕೆಪ್ಯಾಸಿಟೆನ್ಸ್ 100 ಪಿಎಫ್ (ಪಿಕೋಫ್ಯಾರಡ್). ಎಲ್‌ಪಿಗಳ ಜೊತೆ ಹಳೇ ನಾಟಕದ ಹಾಡುಗಳ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳೂ ಇವೆ. ಎರಡಕ್ಕೂ ಇದೊಂದೇ ಸಾಕಾಗುತ್ತದೆಯೇ? ದುಡ್ಡು ಕೊಡುವ ಮುಂಚೆ ಏನೇನು ಪರೀಕ್ಷೆ ಮಾಡಬೇಕು?

ಸೂಜಿಮೊನೆ:
ಕೊಳ್ಳಿ, ಆದರೆ ಮುಳ್ಳು ಲೆಕ್ಕಕ್ಕೆ ಹಿಡಿಯದೆ ಕಾರ್ಟ್ರಿಡ್ಜ್‌ನ ಬಾಡಿಯೊಂದಕ್ಕೆ ಮಾತ್ರ ಬೆಲೆ ಕಟ್ಟಿ. ಟೈಪ್ 3 ಬಂದದ್ದು 1973ರಲ್ಲಿ. ಬಾಡಿಯೊಳಗಿರುವುದು ಸುರುಳಿ ಮತ್ತು ಕೋರ್, ಅಲ್ಲಿ ಸವೆಯುವಂಥದ್ದೇನೂ ಇಲ್ಲ. ಆಯಸ್ಕಾಂತ, ಕ್ಯಾಂಟಿಲಿವರ್ (ಮೊನೆ ಹೊತ್ತ ಸಣ್ಣ ಕಡ್ಡಿ), ಅದನ್ನು ಹಿಡಿದಿರುವ ರಬ್ಬರ್ ಮೂರೂ ಮುಳ್ಳಿನ ಜೊತೆಗೇ ಕಳಚಿ ಬರುತ್ತವೆ. ವಯಸ್ಸಾಗುವುದು ಆ ಭಾಗಕ್ಕೆ.

ಮುಳ್ಳು ತೆಗೆದಿಟ್ಟು ಮಲ್ಟಿಮೀಟರನ್ನು 2 ಕಿಲೋ ಓಮ್‌ಗೆ ತಿರುಗಿಸಿ. ಬಿಳಿ–ನೀಲಿ ಪಿನ್‌ಗಳ ನಡುವೆ ಎಡ ಚಾನೆಲ್, ಕೆಂಪು–ಹಸಿರಿನ ನಡುವೆ ಬಲ. ಎರಡೂ ಸುಮಾರು 1,350 ಓಮ್ ತೋರಿಸಬೇಕು, ಒಂದಕ್ಕೊಂದು ಹತ್ತಿರವಿರಬೇಕು. ಒಂದು ಕಡೆ ಏನೂ ಬರದಿದ್ದರೆ ಸುರುಳಿ ಕಡಿದಿದೆ, ವಾಪಸ್ ಕೊಟ್ಟುಬಿಡಿ. ಯಾರೋ ಪಿನ್‌ಗೆ ನೇರವಾಗಿ ಬೆಸುಗೆ ಹಾಕಿದ ಗುರುತು ಕಂಡರೂ ಬೇಡ. ಆ ಬಿಸಿಗೆ ಒಳಗಿನ ಕೂದಲೆಳೆಯ ತಂತಿ ಬಿಟ್ಟುಕೊಳ್ಳುತ್ತದೆ.

ಮುಳ್ಳಿನ ವಿಷಯದಲ್ಲಿ 10x ಲೆನ್ಸ್ ತೋರಿಸುವುದು ಕೊಳೆ ಮತ್ತು ಓರೆಯನ್ನಷ್ಟೇ. ವಜ್ರದ ಮೊನೆ ಎರಡೂ ಪಕ್ಕ ಚಪ್ಪಟೆಯಾಗಿದೆಯೇ ಎಂದು ತಿಳಿಯಲು 100–200x ಸೂಕ್ಷ್ಮದರ್ಶಕ ಬೇಕು. ರಬ್ಬರ್ ಪರೀಕ್ಷೆ ಸುಲಭ: 1 ಗ್ರಾಂ ಭಾರಕ್ಕಿಟ್ಟು ರೆಕಾರ್ಡ್ ಮೇಲೆ ಇಳಿಸಿ. ಕಾರ್ಟ್ರಿಡ್ಜ್ ಹೊಟ್ಟೆ ರೆಕಾರ್ಡಿಗೆ ತಾಗುವಷ್ಟು ಕುಸಿದರೆ ರಬ್ಬರ್ ಸೋತಿದೆ. ಕುಸಿಯದೆ, ಹಾಡಿನ ‘ಸ’, ‘ಶ’ಗಳು ಒಡೆದು ಕೇಳಿದರೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಆಗ ಭಾರವನ್ನು ಕಂಪನಿ ಹೇಳಿದ 1.25 ಗ್ರಾಂ ದಾಟಿಸಿ ಸರಿಮಾಡಲು ಹೋಗಬೇಡಿ, ರೆಕಾರ್ಡ್ ಕೆಡುತ್ತದೆ. ಸೀಲ್ ಒಡೆಯದ ಹಳೇ ಸ್ಟಾಕ್ ಮುಳ್ಳಿಗೂ ಇದೇ ಮಾತು. ಡಬ್ಬಿಯೊಳಗಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ.

ಶ್ಯೂರ್ 2018ರಲ್ಲಿ ಕಾರ್ಟ್ರಿಡ್ಜ್ ತಯಾರಿಕೆಯನ್ನೇ ನಿಲ್ಲಿಸಿತು. ಈ ಬಾಡಿಗೆ ಒಳ್ಳೆಯ ಹೊಸ ಮುಳ್ಳು ಬೇಕೆಂದರೆ ಜಪಾನಿನ ಜೀಕೋ ಕಂಪನಿಯ ಎಸ್‌ಎಎಸ್ ಮುಳ್ಳು. ದುಬಾರಿ, ಆದರೆ ಈ ಬಾಡಿ ಅದಕ್ಕೆ ತಕ್ಕದ್ದು. ಅಗ್ಗದ ನಕಲುಗಳಲ್ಲಿ ಆಯಸ್ಕಾಂತ ಕೂರುವ ಜಾಗ ಹೆಚ್ಚುಕಮ್ಮಿಯಾಗಿ ಎಡ–ಬಲ ಮಟ್ಟ ಹೊಂದದಿರಬಹುದು.

ಪಿಕೋಫ್ಯಾರಡ್:
ಕೆಪ್ಯಾಸಿಟೆನ್ಸ್ ಬಗ್ಗೆ ಹೇಳಲೇಬೇಕು, ಟೈಪ್ 3 ‘ಮಂಕು’ ಎಂದು ದೂರುವವರಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಇದಕ್ಕೆ ಒಟ್ಟು 400–500 ಪಿಎಫ್ ಬೇಕು. ನಿಮ್ಮ ಸ್ಟೇಜಿನ 100, ಆರ್ಮ್ ತಂತಿ ಮತ್ತು ಕೇಬಲ್ ಸೇರಿ ಸುಮಾರು 120 ಎಂದರೆ 220 ಆಯಿತು. ಕಡಿಮೆ ಬಿದ್ದಾಗ 5ರಿಂದ 10 ಕಿಲೋಹರ್ಟ್ಸ್ ಭಾಗ ತಗ್ಗುತ್ತದೆ, ಅದರಾಚೆ ಮತ್ತೆ ಏರುತ್ತದೆ. ಪಿಟೀಲು ಹಿಂದಕ್ಕೆ ಸರಿದಂತೆ ಕೇಳುವುದು ಅದಕ್ಕೇ. ಪ್ರತಿ ಚಾನೆಲ್‌ಗೂ ಒಂದೊಂದು 220 ಪಿಎಫ್ ಪಾಲಿಸ್ಟೈರೀನ್ ಅಥವಾ ಸಿಲ್ವರ್ ಮೈಕಾ ಕೆಪ್ಯಾಸಿಟರನ್ನು ಖಾಲಿ ಆರ್‌ಸಿಎ ಪ್ಲಗ್ಗಿನಲ್ಲಿ ಸಿಗ್ನಲ್–ಗ್ರೌಂಡ್ ನಡುವೆ ಬೆಸೆದು ವೈ ಅಡಾಪ್ಟರ್ ಮೂಲಕ ಸೇರಿಸಿ. ಸ್ಟೇಜ್ ಬಿಚ್ಚಬೇಕಾಗಿಲ್ಲ.

ಈ ಕಾರ್ಟ್ರಿಡ್ಜ್‌ಗೆ ನಿಮ್ಮ ಆರ್ಮ್ ಸ್ವಲ್ಪ ಭಾರವಾಯಿತು. ಆರ್ಮ್ ಮತ್ತು ಮುಳ್ಳು ಸೇರಿ ತಾವಾಗಿ ಅಲುಗುವ ಅನುರಣನದ ಆವರ್ತನ = 159 ÷ √(ಒಟ್ಟು ಗ್ರಾಂ × ಕಂಪ್ಲಯನ್ಸ್, ಅಂದರೆ ಮುಳ್ಳು ಎಷ್ಟು ಸುಲಭವಾಗಿ ಬಾಗುತ್ತದೆ ಎಂಬ ಅಳತೆ). ಆರ್ಮ್ 12, ಕಾರ್ಟ್ರಿಡ್ಜ್ 6, ಸ್ಕ್ರೂ 1, ಒಟ್ಟು 19. ಕಂಪ್ಲಯನ್ಸ್ 25 ಎಂದು ಹಿಡಿದರೆ 7.3 ಹರ್ಟ್ಸ್ ಬರುತ್ತದೆ. ಇರಬೇಕಾದದ್ದು 8–12. ಸೊಟ್ಟಗಾದ ರೆಕಾರ್ಡ್ ಹಾಕಿದರೆ ವೂಫರ್ ಕೋನ್ ಹಿಂದೆಮುಂದೆ ಆಡುತ್ತದೆ. ಹಗುರ ಹೆಡ್‌ಶೆಲ್ (ಆರ್ಮ್ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಭಾಗ), ಅಲ್ಯೂಮಿನಿಯಂ ಸ್ಕ್ರೂ ಹಾಕಿ ಒಟ್ಟು 15ಕ್ಕೆ ಇಳಿಸಿದರೆ 8.2ಕ್ಕೆ ಬರುತ್ತದೆ.

ಅರಗಿನತಟ್ಟೆ:
78ಕ್ಕೂ ಇದೇ ಬಾಡಿ ಸಾಕು, ಮುಳ್ಳು ಮಾತ್ರ ಬೇರೆ. ಎಲ್‌ಪಿ ಮುಳ್ಳು 78ರ ಅಗಲ ಗೀರಿನ ತಳಕ್ಕಿಳಿದು ಕಸ ಕೆದಕುತ್ತದೆ, ಮೊನೆಯೂ ಬೇಗ ಸವೆಯುತ್ತದೆ. ಟೈಪ್ 3ಕ್ಕೆ ಶ್ಯೂರ್ ಮಾಡಿದ್ದ 78ರ ಮುಳ್ಳು ವಿಎನ್78ಇ, ಈಗ ಅಪರೂಪ. ಅದು ಸಿಗದಿದ್ದರೆ ಶ್ಯೂರ್‌ನದೇ ಎಂ44 ಕಾರ್ಟ್ರಿಡ್ಜ್ ಬಾಡಿಗೆ 78ರ ಮುಳ್ಳು ಎನ್44-3 ಹಾಕಿ ಬೇರೆ ಹೆಡ್‌ಶೆಲ್‌ನಲ್ಲಿ ಇಟ್ಟುಕೊಳ್ಳಿ, ಭಾರ 1.5–3 ಗ್ರಾಂ. ಆಂಪ್ಲಿಫೈಯರನ್ನು ಮೋನೋಗೆ ಹಾಕಿ, ಗೀರಿನ ಲಂಬ ಗಲಾಟೆ ಬಹಳಷ್ಟು ಕಡಿಮೆಯಾಗುತ್ತದೆ. ಫೋನೋ ಸ್ಟೇಜ್ ಎಲ್‌ಪಿಗೆಂದು ಮಾಡುವ ಸ್ವರ ಹೊಂದಿಕೆ, ಅಂದರೆ ಆರ್‌ಐಎಎ ಈಕ್ವಲೈಸೇಶನ್, 78ಕ್ಕೆ ಹೊಂದುವುದಿಲ್ಲ, ಮೇಲಿನ ಸ್ವರಗಳನ್ನು ಅತಿಯಾಗಿ ತಗ್ಗಿಸುತ್ತದೆ. ಟ್ರೆಬಲ್ ಸ್ವಲ್ಪ ಏರಿಸಿ ಕೇಳಿ.

ಒಂದು ಎಚ್ಚರ: 78ರವು ಅರಗಿನ ಪ್ಲೇಟುಗಳು, ಅವಕ್ಕೆ ಆಲ್ಕೋಹಾಲ್ ಇರುವ ಯಾವ ದ್ರವವನ್ನೂ ಹಾಕಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೃದು ಬಟ್ಟೆ, ಆಮೇಲೆ ಬರೀ ಡಿಸ್ಟಿಲ್ಡ್ ನೀರಿನ ಒರೆಸು. ಲೇಬಲ್ ಒದ್ದೆಯಾಗಬಾರದು.

ಪ್ಲೇಟುಪೆಟ್ಟಿಗೆ:
ಧನ್ಯವಾದ. ಅಳೆದೆ: ಎಡ 1,340, ಬಲ 1,360. ಆದರೆ ಮುಳ್ಳಿನ ಜೋಡಣೆ ಬಾಡಿಯಲ್ಲಿ ಸಡಿಲವಾಗಿ ಕೂರುತ್ತಿದೆ.

ಸೂಜಿಮೊನೆ:
ಬಾಡಿ ಚೆನ್ನಾಗಿದೆ. ಸಡಿಲಕ್ಕೆ ಗೋಂದು ಹಾಕಬೇಡಿ, ಮುಂದೆ ಮುಳ್ಳು ಬದಲಿಸಲಾಗುವುದಿಲ್ಲ. ಮುಳ್ಳಿನ ಪ್ಲಾಸ್ಟಿಕ್ ಹಿಡಿಕೆ ಬಾಡಿಗೆ ಕೂಡುವ ಕಡೆ ಸಾಸಿವೆ ಕಾಳಿನಷ್ಟು ಬ್ಲೂಟ್ಯಾಕ್ (ಮತ್ತೆ ಕಿತ್ತು ತೆಗೆಯಬಹುದಾದ ಅಂಟು ಮುದ್ದೆ) ಒತ್ತಿ ಕೂರಿಸಿ. ಚೌಕ ಕೊಳವೆಯ ಮೇಲೆ ಅಥವಾ ತೂತಿನೊಳಗೆ ಮಾತ್ರ ಹಾಕಬೇಡಿ. ಮೊನೆಯ ಧೂಳನ್ನು ಒಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೇ ಎಳೆಯಿರಿ. ದ್ರವ ಹಾಕಿದರೆ ಕ್ಯಾಂಟಿಲಿವರ್ ಹಿಡಿದು ಮೇಲೇರಿ ರಬ್ಬರ್ ತಲುಪಬಹುದು. ಮುಳ್ಳಿನಲ್ಲಿ ಆಯಸ್ಕಾಂತವಿದೆ, ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತರುವ ಮುಂಚೆ ಅದನ್ನು ಕಳಚಿಡಿ.