ನರ್ಸರಿ ಮಕ್ಕಳನ್ನು ಬಿಸಿಲಿನಿಂದ ಕಾಪಾಡುವುದು ಹೇಗೆ? ಕಾಸರಗೋಡಿನವರ ಅನುಭವ

ಕುಂಬಳೆ ಕಡೆಯ ತಾಯಿಯೊಬ್ಬರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರೂವರೆ ವರ್ಷ. ಮನೆಯ ಹತ್ತಿರದ ಶಾಲೆಯ ನರ್ಸರಿಗೆ ಜೂನ್ ತಿಂಗಳಿನಿಂದ ಹೋಗುತ್ತಿದ್ದಾಳೆ. ಫೆಬ್ರವರಿ ಹುಟ್ಟಿದ ಮೇಲೆ ಎರಡು ಸಲ ಅವಳ ಕುತ್ತಿಗೆಯ ಹಿಂಭಾಗವೂ ಕಿವಿಯ ತುದಿಗಳೂ ಕೆಂಪಾಗಿ, ರಾತ್ರಿ ತಲೆದಿಂಬು ತಾಗಿದರೂ ಅಳುವಷ್ಟು ಉರಿಯಾಗಿತ್ತು. ವಿಚಾರಿಸಿದಾಗ, ಹನ್ನೊಂದು ಗಂಟೆಗೆ ಅರ್ಧ ಗಂಟೆ ಅಂಗಳದಲ್ಲಿ ಆಡಿಸುತ್ತಾರೆ, ಹನ್ನೆರಡೂವರೆಗೆ ಮನೆಗೆ ಬಿಡುತ್ತಾರೆ ಎಂದು ತಿಳಿಯಿತು. ಟೀಚರ್ ಬಹಳ ಪ್ರೀತಿಯಿಂದ ನೋಡಿಕೊಳ್ಳುವವರು. ಆದರೆ ಬಿಸಿಲು ಬಿದ್ದರೆ ಮಕ್ಕಳ ಎಲುಬು ಗಟ್ಟಿಯಾಗುತ್ತದೆ ಎನ್ನುತ್ತಾರೆ. ತೆಂಗಿನೆಣ್ಣೆ ಹಚ್ಚಿ ಕಳುಹಿಸಿದರೆ ಸಾಕೆಂಬುದು ಅತ್ತೆಯವರ ಅಭಿಪ್ರಾಯ. ಸನ್‌ಸ್ಕ್ರೀನ್ ಹಚ್ಚಬೇಕೇ, ಟೊಪ್ಪಿ ಸಾಕೇ? ಟೀಚರ್ ಮನಸ್ಸಿಗೆ ನೋವಾಗದಂತೆ ಈ ವಿಷಯವನ್ನು ಶಾಲೆಯಲ್ಲಿ ಹೇಗೆ ಪ್ರಸ್ತಾಪಿಸಲಿ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪೆರ್ಲ ಕಡೆಯ ನಿವೃತ್ತ ಅಂಗನವಾಡಿ ಶಿಕ್ಷಕಿಯ ಉತ್ತರ

ನಾನು ಇಪ್ಪತ್ತೇಳು ವರ್ಷ ಅಂಗನವಾಡಿಯಲ್ಲಿದ್ದವಳು. ಟೊಪ್ಪಿ, ಕ್ರೀಮ್ ಎಲ್ಲ ಆಮೇಲಿನ ಮಾತು. ಮೊದಲು ಆಟದ ಹೊತ್ತನ್ನು ಬದಲಾಯಿಸಿ. ನನಗೆ ಇದು ಅರ್ಥವಾದದ್ದು ಒಂದು ತಪ್ಪಿನಿಂದ. ಒಂದು ವರ್ಷ ಮಾರ್ಚ್ ತಿಂಗಳಲ್ಲಿ ವಾರ್ಷಿಕೋತ್ಸವದ ನೃತ್ಯ ಕಲಿಸಲು ಮಕ್ಕಳನ್ನು ಹನ್ನೊಂದೂವರೆಗೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಗಾಳಿ ಬೀಸುತ್ತಿದ್ದುದರಿಂದ ಬಿಸಿಲಿನ ಕಾವು ನನಗೆ ತಿಳಿಯಲಿಲ್ಲ. ಯಾವಾಗಲೂ ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ನಾಲ್ಕು ವರ್ಷದ ಹುಡುಗನೊಬ್ಬ ಆ ದಿನ ಕಾರಣವಿಲ್ಲದೆ ಹಟ ಮಾಡಿ ಕುಳಿತುಬಿಟ್ಟ. ನಾನು ಗದರಿದೆ. ಸ್ವಲ್ಪ ಹೊತ್ತಿನಲ್ಲೇ ಅವನು ವಾಂತಿ ಮಾಡಿದ. ಮುಟ್ಟಿದರೆ ಮೈ ಸುಡುತ್ತಿತ್ತು. ನೆರಳಿಗೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆಯಿಂದ ಒರಸಿ, ಗುಟುಕು ಗುಟುಕಾಗಿ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡ. ಅವನ ಹಟವೇ ಮೊದಲ ಸೂಚನೆಯಾಗಿತ್ತು, ಅದಕ್ಕೆ ನಾನು ಗದರಿದ್ದೆ ಎಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಸಣ್ಣ ಮಕ್ಕಳು ತಲೆ ನೋಯುತ್ತದೆ, ಬಾಯಾರುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ. ಸಿಡುಕುತ್ತಾರೆ, ಮೂಲೆ ಹಿಡಿಯುತ್ತಾರೆ, ಆಟ ಬಿಡುತ್ತಾರೆ.

ಅದರ ಮರುದಿನವೇ ಅಂಗಳದ ಬದಿಯಲ್ಲಿ ಮೂರಡಿಯ ಕೋಲೊಂದನ್ನು ನೆಟ್ಟು, ಅದರ ಬುಡದಿಂದ ಮೂರಡಿ ದೂರಕ್ಕೆ ಸುತ್ತಲೂ ಸುಣ್ಣದ ಗೆರೆ ಎಳೆದೆ. ಕೋಲಿನ ನೆರಳು ಗೆರೆಯ ಒಳಗೆ ಬಂತೆಂದರೆ, ಅಂದರೆ ನೆರಳು ಕೋಲಿಗಿಂತ ಗಿಡ್ಡವಾಯಿತೆಂದರೆ, ಬಿಸಿಲಿನಲ್ಲಿ ಆಡುವ ಸಮಯ ಮುಗಿಯಿತೆಂದು ಲೆಕ್ಕ. ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ನೆರಳು ಒಂಬತ್ತೂಮುಕ್ಕಾಲರ ಸುಮಾರಿಗೆ ಗೆರೆಯ ಒಳಗೆ ಬಂದರೆ ಮತ್ತೆ ಹೊರಗೆ ಹೋಗುವಾಗ ಮೂರೂವರೆಯಾಗುತ್ತದೆ. ಸೂರ್ಯ ನಡುನೆತ್ತಿಗೆ ಬರುವುದೂ ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಭಾರತದ ಗಡಿಯಾರ ನಡೆಯುವುದು ನಮಗಿಂತ ಬಹಳ ಪೂರ್ವದ ರೇಖಾಂಶದ ಲೆಕ್ಕದಲ್ಲಿ. ಆದುದರಿಂದ ನಿಮ್ಮ ಮಗಳನ್ನು ಮನೆಗೆ ಬಿಡುವ ಸಮಯ ಇಡೀ ದಿನದ ಅತ್ಯಂತ ಕಠಿಣ ಬಿಸಿಲಿನ ಸಮಯವೇ ಆಗಿದೆ. ಏಪ್ರಿಲ್ ತಿಂಗಳ ನಾಲ್ಕನೆಯ ವಾರದಲ್ಲಂತೂ ಸೂರ್ಯ ನೇರ ನಮ್ಮ ತಲೆಯ ಮೇಲೆಯೇ ಇರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ.

ನಮ್ಮ ಅಂಗನವಾಡಿ ಆರಂಭವಾಗುತ್ತಿದ್ದುದು ಒಂಬತ್ತೂವರೆಗೆ. ಮಕ್ಕಳು ಬಂದ ಕೂಡಲೇ ಹೊರಗಿನ ಆಟ, ಆಮೇಲೆ ಹಾಡು, ಕತೆ, ಬಣ್ಣದ ಕೆಲಸ ಎಂದು ಕ್ರಮ ಬದಲಿಸಿದೆವು. ಬೇಗ ಬಂದವರಿಗೆ ಹೆಚ್ಚು ಆಟ ಸಿಗುತ್ತದೆ ಎಂದಾದ ಮೇಲೆ ಹೆತ್ತವರನ್ನು ಮಕ್ಕಳೇ ಎಬ್ಬಿಸಿ ಕರೆತರತೊಡಗಿದರು. ಹತ್ತರ ಬಳಿಕ ಹೊರಗೆ ಹೋಗುವುದಿದ್ದರೆ ಹಲಸಿನ ಮರದ ಅಡಿಗೆ ಮಾತ್ರ. ತಗಡಿನ ಜಾರುಬಂಡಿಯ ಮೇಲೆ ಮೊದಲು ಸಹಾಯಕಿ ಅಂಗೈ ಒತ್ತಿ ಐದು ಎಣಿಸಬೇಕು, ಅವರಿಗೆ ತಡೆಯದಿದ್ದರೆ ಆ ದಿನ ಜಾರುವುದಿಲ್ಲ ಎಂಬ ನಿಯಮವಿತ್ತು. ಈ ಕೆಲಸವನ್ನು ನೋಡಿ ನೋಡಿ ಮಕ್ಕಳು ತಾವೇ ಬಾಗಿಲ ಬಳಿಯ ಕಲ್ಲಿಗೆ ಅಂಗೈ ಇಟ್ಟು ಎಣಿಸುತ್ತಿದ್ದರು.

ನೀರಿನ ವಿಷಯದಲ್ಲಿ, ಬಾಯಾರಿದಾಗ ಕೇಳಲಿ ಎಂದು ಕಾಯಬೇಡಿ. ಶಾಲೆಗಳಲ್ಲಿ ನೀರು ಕುಡಿಯುವುದಕ್ಕೆಂದೇ ಗಂಟೆ ಹೊಡೆಯುವ ಕ್ರಮ ಬಂದಿದೆ. ನರ್ಸರಿಯಲ್ಲಿ ಅದು ಇನ್ನೂ ಹೆಚ್ಚು ಅಗತ್ಯ. ಕುದಿಸಿ ಆರಿಸಿದ ಜೀರಿಗೆ ನೀರು, ತೆಳುವಾದ ಮಜ್ಜಿಗೆ, ಮನೆಯಲ್ಲೇ ಮಾಡಿದ ಸಕ್ಕರೆ ಕಡಿಮೆಯ ಪುನರ್ಪುಳಿ ಶರಬತ್ತು ಒಳ್ಳೆಯದು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಇದನ್ನು ಗಮನಿಸಲು ಸಹಾಯಕಿಗೆ ಹೇಳಿಡಬಹುದು.

ಕಾಸರಗೋಡು ಪೇಟೆಯ, ಮಕ್ಕಳ ವಾರ್ಡಿನ ನರ್ಸ್ ಒಬ್ಬರ ಉತ್ತರ

ಅಂಗನವಾಡಿ ಟೀಚರ್ ಅವರ ಮಾತಿಗೆ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ಬಿಸಿಲಿನ ಕಾವು ಬೇರೆ, ಚರ್ಮವನ್ನು ಸುಡುವ ನೇರಳಾತೀತ ಕಿರಣ ಬೇರೆ. ಡಿಸೆಂಬರ್, ಜನವರಿಯಲ್ಲಿ ಗಾಳಿ ತಂಪಾಗಿದ್ದರೂ ಮಧ್ಯಾಹ್ನದ ಕಿರಣ ತೀಕ್ಷ್ಣವಾಗಿಯೇ ಇರುತ್ತದೆ. ತೆಳುವಾದ ಮೋಡ ಅದರ ಹೆಚ್ಚಿನ ಪಾಲನ್ನು ಕೆಳಗೆ ಬಿಟ್ಟುಬಿಡುತ್ತದೆ. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ನೇರಳಾತೀತ ಸೂಚ್ಯಂಕವನ್ನು ಪ್ರಕಟಿಸುತ್ತದೆ. 6 ಮತ್ತು 7 ಇದ್ದರೆ ಹಳದಿ, 8ರಿಂದ 10ರ ವರೆಗೆ ಕಿತ್ತಳೆ, 11 ಮತ್ತು ಮೇಲ್ಪಟ್ಟರೆ ಕೆಂಪು ಎಚ್ಚರಿಕೆ. ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಬೆಳಿಗ್ಗೆ ಯಾರಾದರೊಬ್ಬರು ಆ ಅಂಕಿಯನ್ನು ಹಾಕಿದರೆ, ಅದು ಯಾರೊಬ್ಬರ ದೂರಾಗಿ ಉಳಿಯದೆ ಎಲ್ಲರ ಮಾಹಿತಿಯಾಗುತ್ತದೆ.

ಎಲುಬಿನ ಮಾತು ಸುಳ್ಳಲ್ಲ. ಡಿ ಜೀವಸತ್ವಕ್ಕೆ ಬಿಸಿಲು ಬೇಕು, ನಮ್ಮಂತಹ ಕಪ್ಪು ಮೈಬಣ್ಣದವರಿಗೆ ಸ್ವಲ್ಪ ಹೆಚ್ಚೇ ಬೇಕು. ಆದರೆ ಚರ್ಮ ಅದನ್ನು ಒಂದು ಮಿತಿಯ ವರೆಗೆ ಮಾತ್ರ ತಯಾರಿಸುತ್ತದೆ. ಮಗು ಕೆಂಪಾಗುವಷ್ಟು ಹೊತ್ತು ನಿಂತರೆ ಎಲುಬಿಗೆ ಹೆಚ್ಚು ಲಾಭವಿಲ್ಲ, ಚರ್ಮಕ್ಕೆ ಹಾನಿ ಮಾತ್ರ. ದಿನವೂ ಕೈಕಾಲಿಗೆ ತಾಗುವ ಅಲ್ಪಸ್ವಲ್ಪ ಬಿಸಿಲು ಸಿಗುತ್ತಲೇ ಇರುತ್ತದೆ. ಕೊರತೆಯ ಸಂಶಯವಿದ್ದರೆ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಹೇಳುತ್ತಾರೆ. ಟೀಚರ್ ಬಳಿ ಮಾತನಾಡುವಾಗ ಬಿಸಿಲೇ ಬೇಡ ಎನ್ನದೆ, ಇದನ್ನು ಒಪ್ಪಿಕೊಂಡೇ ಹೊತ್ತಿನ ಬಗ್ಗೆ ಕೇಳಿ.

ತೆಂಗಿನೆಣ್ಣೆ ಒಣ ಚರ್ಮಕ್ಕೆ ಒಳ್ಳೆಯದು, ಆದರೆ ಬಿಸಿಲನ್ನು ತಡೆಯಲು ಅದನ್ನು ನಂಬಬಾರದು. ಕ್ರೀಮ್ ಹಚ್ಚುವುದಾದರೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನದನ್ನು, ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ಆರಿಸಿ, ಮೊದಲ ದಿನ ಮುಂಗೈಯಲ್ಲಿ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಮನೆಯಿಂದ ಹೊರಡುವ 15ರಿಂದ 30 ನಿಮಿಷ ಮೊದಲು ಕಿವಿ, ಕುತ್ತಿಗೆ, ಮೂಗು, ಪಾದದ ಮೇಲ್ಭಾಗ ಮರೆಯದೆ ಹಚ್ಚಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ, ನಮ್ಮ ಸೆಕೆಗೆ ಬೆವರಿನಲ್ಲಿ ಇಳಿದುಹೋಗುತ್ತದೆ. ಮೂವತ್ತು ಮಕ್ಕಳಿರುವಲ್ಲಿ ಒಬ್ಬ ಟೀಚರ್‌ನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹಾಗಾಗಿ ಕ್ರೀಮನ್ನು ನಾನು ಕೊನೆಯ ಸ್ಥಾನದಲ್ಲಿ ಇಡುತ್ತೇನೆ. ಆರು ತಿಂಗಳೊಳಗಿನ ಕೂಸುಗಳಿಗೆ ಕ್ರೀಮ್ ಬೇಡ, ನೆರಳೇ ಬೇಕು. ಅಂಗನವಾಡಿಗೆ ಕೂಸನ್ನು ಎತ್ತಿಕೊಂಡು ಬರುವ ತಾಯಂದಿರು ಗಮನಿಸಲಿ.

ಕೆಂಪಾದ ಚರ್ಮಕ್ಕೆ ತಣ್ಣೀರಿನ ಒದ್ದೆ ಬಟ್ಟೆ ಇಡಿ. ಐಸ್, ಟೂತ್‌ಪೇಸ್ಟ್, ಅರಶಿನ ಬೇಡ. ಗುಳ್ಳೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ. ಮಗು ಮಂಪರಿನಲ್ಲಿದ್ದರೆ, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬಾರದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರ ಉತ್ತರ

ನಾನು ನಮ್ಮೂರ ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ ಎರಡು ವರ್ಷ ಇದ್ದೆ. ನರ್ಸರಿಯ ಅಂಗಳ ಬೋಳು ಮುರಕಲ್ಲಿನ ನೆಲವಾಗಿದ್ದುದರಿಂದ ಅಲ್ಲಿ ನೆರಳು ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಮೊದಲ ವರ್ಷ ಅಡಿಕೆ ಸಸಿಗಳಿಗೆ ಕಟ್ಟುವ ಐವತ್ತು ಶೇಕಡಾದ ಹಸಿರು ನೆಟ್ ನನ್ನಲ್ಲಿ ಉಳಿದಿತ್ತೆಂದು ಅದನ್ನೇ ಕಟ್ಟಿದೆವು. ಅದು ಸಾಲದು, ಬಿಸಿಲಿನ ಅರ್ಧ ಭಾಗ ಮಕ್ಕಳ ಮೇಲೆಯೇ ಬೀಳುತ್ತಿತ್ತು. ಮರುವರ್ಷ ಎಪ್ಪತ್ತೈದು ಶೇಕಡಾದ ನೆಟ್ ತಂದು, ಅಡಿಕೆ ಮರದ ಕಂಬಗಳ ಮೇಲೆ ಒಂಬತ್ತು ಅಡಿ ಎತ್ತರದಲ್ಲಿ, ಒಂದು ಬದಿಗೆ ಇಳಿಜಾರಾಗಿ ಕಟ್ಟಿದೆವು. ಬೆಳಗ್ಗಿನ ನೆರಳು ಪಶ್ಚಿಮಕ್ಕೆ ಬೀಳುತ್ತದೆ ಎಂಬುದನ್ನು ಮೊದಲು ಯೋಚಿಸಿರಲಿಲ್ಲ. ಹತ್ತು ಗಂಟೆಗೆ ನೆಟ್ ಒಂದು ಕಡೆ, ನೆರಳು ಇನ್ನೊಂದು ಕಡೆ ಎಂದಾಗಿತ್ತು. ಆದುದರಿಂದ ಮಕ್ಕಳು ಆಡುವ ಹೊತ್ತಿಗೇ ಹೋಗಿ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿ ಕಂಬ ನೆಡಿ. ಚಪ್ಪರ ಅಗಲವಾಗಿರಲಿ, ಅಂಚಿನಲ್ಲಿ ಕುಳಿತ ಮಗುವಿಗೆ ಬಯಲಿನ ಬೆಳಕು ಪಕ್ಕದಿಂದ ತಾಗುತ್ತಲೇ ಇರುತ್ತದೆ. ಮೇ ಕೊನೆಯಲ್ಲಿ ನೆಟ್ ಬಿಚ್ಚಿಡಲೇಬೇಕು, ಇಲ್ಲವಾದರೆ ಜೂನ್ ತಿಂಗಳ ಗಾಳಿಮಳೆಗೆ ಕಂಬ ಸಮೇತ ಬೀಳುತ್ತದೆ.

ಹಣ ಇಲ್ಲವಾದರೆ ಹೆಣೆದ ತೆಂಗಿನ ಮಡಲಿನ ಚಪ್ಪರವೇ ಉತ್ತಮ. ಅದರ ಅಡಿಯ ತಂಪು ನೆಟ್‌ನಲ್ಲಿ ಬರುವುದಿಲ್ಲ. ನಾವು ಕಂಬಗಳ ಬುಡದಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿಯನ್ನೂ ನೆಟ್ಟಿದ್ದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಪ್ಪರದ ಅರ್ಧ ಭಾಗಕ್ಕೆ ಹಬ್ಬಿತ್ತು, ಬೇಸಿಗೆಯಲ್ಲಿ ನೀರು ಹಾಕಲು ಒಬ್ಬರಿದ್ದರೆ ಸಾಕು.

ಮಕ್ಕಳಿಗೆ ಮುಟ್ಟಾಳೆ ಇಡಿಸಿದರೆ ಹೇಗೆ ಎಂದು ನಾವೂ ಯೋಚಿಸಿ ಅಡಿಕೆ ಹಾಳೆಯಲ್ಲಿ ಹನ್ನೆರಡು ಸಣ್ಣ ಮುಟ್ಟಾಳೆ ಮಾಡಿಸಿದೆವು. ತಲೆಗೆ ತಂಪು, ನೋಡಲೂ ಚಂದ. ಆದರೆ ಅದಕ್ಕೆ ಅಂಚು ಇಲ್ಲವಾದ್ದರಿಂದ ಕಿವಿಯೂ ಕುತ್ತಿಗೆಯೂ ಬಿಸಿಲಿಗೇ ಬೀಳುತ್ತವೆ. ಕೊನೆಗೆ ನಮ್ಮೂರ ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಹೊಲಿಗೆ ಮಾಡುವವರಿಂದ, ಸುತ್ತಲೂ ಮೂರು ಇಂಚು ಅಂಚು ಇರುವ ದಪ್ಪ ಹತ್ತಿ ಬಟ್ಟೆಯ ಟೊಪ್ಪಿ ಹೊಲಿಸಿದೆವು. ಕಡು ಬಣ್ಣದ ಒತ್ತು ನೇಯ್ಗೆಯ ಬಟ್ಟೆ ತೆಳು ಬಿಳಿ ಬಟ್ಟೆಗಿಂತ ಹೆಚ್ಚು ಕಿರಣ ತಡೆಯುತ್ತದೆ. ಒಬ್ಬರ ಟೊಪ್ಪಿ ಇನ್ನೊಬ್ಬರು ಇಟ್ಟುಕೊಂಡರೆ ಹೇನು ಹರಡಬಹುದಾದ್ದರಿಂದ, ಪ್ರತಿ ಟೊಪ್ಪಿಯ ಮೇಲೆ ಬೇರೆ ಬೇರೆ ಚಿತ್ರ ಹೊಲಿಸಿ, ಕಿಟಕಿಯ ಪಕ್ಕ ಅದೇ ಚಿತ್ರವಿರುವ ಮೊಳೆಯಲ್ಲಿ ನೇತುಹಾಕಲು ಕಲಿಸಿದೆವು. ಓದಲು ಬಾರದ ಮಕ್ಕಳು ಮೀನು, ಆಮೆ, ಛತ್ರಿ ನೋಡಿ ತಮ್ಮದನ್ನೇ ತೆಗೆದುಕೊಳ್ಳುತ್ತಿದ್ದರು.

ಮಂಜೇಶ್ವರದ ಕಡಲ ಬದಿಯ ಅಜ್ಜಿಯೊಬ್ಬರ ಉತ್ತರ

ಮಗಳೇ, ಶಾಲೆ ಸಮಯ ಬದಲಿಸುವ ತನಕ ಮಧ್ಯಾಹ್ನ ಕರೆತರುವಾಗ ಕೊಡೆ ಹಿಡಿ. ಮಳೆಗಾಲ ಮುಗಿದ ಕೂಡಲೇ ಮಕ್ಕಳ ಕೊಡೆಗಳನ್ನು ನಾವೆಲ್ಲ ಅಟ್ಟಕ್ಕೆ ಹಾಕಿಬಿಡುತ್ತೇವೆ. ನನ್ನ ಮೊಮ್ಮಗನ ಕೊಡೆ ವರ್ಷವಿಡೀ ಬಾಗಿಲ ಹಿಂದೆಯೇ ಇರುತ್ತದೆ. ಮಕ್ಕಳ ಬಣ್ಣದ ತೆಳು ಕೊಡೆಗಿಂತ ದೊಡ್ಡವರ ಕರಿ ಬಟ್ಟೆಯ ಕೊಡೆಯ ಅಡಿಯಲ್ಲಿ ಇಬ್ಬರೂ ಬರುವುದು ಒಳ್ಳೆಯದು. ಹೊಯ್ಗೆಯ (ಮರಳಿನ) ಮೇಲಿನ ದಾರಿಯಾದರೆ ಕೆಳಗಿನಿಂದಲೂ ಬಿಸಿಲು ಹೊಡೆಯುತ್ತದೆ. ನೆರಳಿರುವ ಬೇಲಿಯ ಬದಿ ಸುತ್ತಾದರೂ ಅಲ್ಲಿಯೇ ಬಾ.

ಕುಂಬಳೆ ಕಡೆಯ ತಾಯಿ, ಹತ್ತು ದಿನಗಳ ಬಳಿಕ

ಉತ್ತರಿಸಿದ ಎಲ್ಲರಿಗೂ ನಾನು ಋಣಿಯಾಗಿದ್ದೇನೆ. ಟೀಚರ್ ಬಳಿ ಎಲುಬಿನ ಮಾತನ್ನು ಒಪ್ಪಿಕೊಂಡೇ ಆರಂಭಿಸಿದೆ, ಕೋಲಿನ ವಿಷಯ ಹೇಳಿದೆ. ಅವರು ಅದೇ ದಿನ ಹನ್ನೊಂದು ಗಂಟೆಗೆ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಅವರವರ ನೆರಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ನೋಡಿದರು. ಎಲ್ಲರ ನೆರಳೂ ಅವರ ಸೊಂಟದ ಎತ್ತರಕ್ಕಿಂತ ಉದ್ದವಿರಲಿಲ್ಲ. ಸೋಮವಾರದಿಂದ ಆಟ ಬೆಳಿಗ್ಗೆ ಮೊದಲ ಅವಧಿಗೆ ಬಂದಿದೆ. ಬಿಡುವ ಸಮಯ ಬದಲಿಸುವುದು ಅವರ ಕೈಯಲ್ಲಿಲ್ಲ. ಅದಕ್ಕಾಗಿ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾವು ಆರು ಮಂದಿ ತಾಯಂದಿರು ಒಟ್ಟಾಗಿ ಮಾತನಾಡಲಿದ್ದೇವೆ. ಅಲ್ಲಿಯ ವರೆಗೆ ಅತ್ತೆಯವರೇ ಮಾವನ ಕರಿ ಕೊಡೆ ಹಿಡಿದು ಮಗಳನ್ನು ಕರೆತರಲು ಹೋಗುತ್ತಿದ್ದಾರೆ. ಬದಿಯಡ್ಕದ ಅಣ್ಣ, ಆ ಟೊಪ್ಪಿಗೆ ಒಂದಕ್ಕೆ ಎಷ್ಟು ಬಟ್ಟೆ ಬೇಕಾಯಿತೆಂದು ತಿಳಿಸಿದರೆ ಉಪಕಾರವಾಗುತ್ತದೆ. ನಮ್ಮಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ.