ಸಹಾಯ ಬೇಕು: ‘ಡೌಟ್’ ಅಂದರೆ ಬರಬಹುದು ಅಂತಲೋ, ಬರಲಿಕ್ಕಿಲ್ಲ ಅಂತಲೋ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೊನ್ನೆ ಇಂಗ್ಲೆಂಡಿನ ವಯಸ್ಸಾದ ದಂಪತಿ ಅಬ್ಬಿ ಜಲಪಾತಕ್ಕೆ ಹೊರಟವರು, ಮಳೆ ಬರುತ್ತದಾ ಅಂತ ಕೇಳಿದರು. ಗುಡ್ಡದ ಮೇಲೆ ಮೋಡ ಕಪ್ಪಗೆ ಕಟ್ಟಿತ್ತು. ಬರೋ ಡೌಟಿದೆ ಅಂತ ಹೇಳಲು ಹೋಗಿ ‘ಐ ಡೌಟ್ ಇಟ್ ವಿಲ್ ರೇನ್’ ಅಂದುಬಿಟ್ಟೆ. ಕೊಡೆ ಜಗಲಿಯಲ್ಲೇ ಒರಗಿಸಿಟ್ಟು ಹೋದರು. ಸಂಜೆ ತೊಯ್ದು ನಡುಗುತ್ತಾ ಬಂದಾಗ ಬಿಸಿ ಕಾಫಿ ಕೊಡಲೂ ಸಂಕಟವಾಯಿತು.

ಇಂಗ್ಲಿಷಿನಲ್ಲಿ ಹಾಗಂದರೆ ‘ಮಳೆ ಬರಲಿಕ್ಕಿಲ್ಲ’ ಅಂತಂತೆ! ನಾವು ಪ್ರಶ್ನೆ ಕೇಳೋಕೂ ‘ಒಂದು ಡೌಟು’ ಅನ್ನುತ್ತೇವಲ್ಲ, ಅದೂ ಅವರಿಗೆ ಬೇರೆಯೇ ಕೇಳಿಸುತ್ತದೆ. ‘ಬರಬಹುದೇನೋ’ ಅನ್ನಲು ‘ಮೈಟ್’ ಸಾಕಾ? ‘ಸಸ್ಪೆಕ್ಟ್’ ಅಂದರೆ ಪೊಲೀಸರ ಮಾತಾಗುತ್ತದಾ? ಇಂಗ್ಲಿಷ್ ಮೇಷ್ಟ್ರು, ಟೀಚರ್ ಯಾರಾದರೂ ಇದ್ದರೆ ದಯವಿಟ್ಟು ಉದಾಹರಣೆ ಕೊಟ್ಟು ಬಿಡಿಸಿ ಹೇಳಿ. ನಾಡಿದ್ದು ಇನ್ನೊಂದು ತಂಡ ಬರುತ್ತಿದೆ.