ದೊಡ್ಡಪ್ಪನ ಪೆಟ್-ಸಿಟಿ ವರದಿಯ ಬಗ್ಗೆ

ದೊಡ್ಡಮ್ಮ, ದೊಡ್ಡಪ್ಪನ ವರದಿಯನ್ನು ಗುಂಪಿಗೆ ಕಳುಹಿಸಿ, ಶ್ವಾಸಕೋಶದ ಗಂಟು ಹೊಳೆಯುತ್ತಿದೆ ಎಂದರೆ ಕ್ಯಾನ್ಸರ್ ಎಂದೇ ಅರ್ಥವೇ ಎಂದು ಕೇಳಿದ್ದೀರಿ. ಹಾಗೆಂದು ತೀರ್ಮಾನಿಸಲಾಗದು, ಅಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ. ಸ್ಕ್ಯಾನಿಂಗ್ ವಿಭಾಗದಲ್ಲಿಯೇ ಕೆಲಸ ಮಾಡುವವಳಾದ್ದರಿಂದ ಬಿಡಿಸಿ ಹೇಳುತ್ತೇನೆ, ಮೂಡಿಗೆರೆಯ ಮನೆಯಲ್ಲಿರುವ ಎಲ್ಲರಿಗೂ ಕೇಳಿಸಿ.

ಅವರಿಗೆ ಚುಚ್ಚಿದ ಔಷಧಿ ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್‌ನಂಥ ವಸ್ತು. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಆ ಜಾಗ ಪೆಟ್ ಎಂಬ ಸ್ಕ್ಯಾನಿನ ಚಿತ್ರದಲ್ಲಿ ಹೊಳೆಯುತ್ತದೆ. ಆದರೆ ಟಿಬಿ, ಶಿಲೀಂಧ್ರದ ಸೋಂಕು, ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಇದ್ದಲ್ಲಿಯೂ ಉರಿಯೂತದ ಕೋಶಗಳು ಅಷ್ಟೇ ಆಸೆಯಿಂದ ಹೀರುತ್ತವೆ. ಎಸ್‌ಯುವಿ, ಅಂದರೆ ಔಷಧಿಯನ್ನು ಎಷ್ಟು ಹೀರಿದೆ ಎಂದು ತೋರಿಸುವ ಅಂಕೆ, 2.5 ದಾಟಿದರೆ ಅನುಮಾನಿಸಬೇಕೆಂಬ ಹಳೆಯ ಗಡಿಯನ್ನು, ಟಿಬಿ ಇಷ್ಟೊಂದಿರುವ ನಮ್ಮ ದೇಶದಲ್ಲಿ ತೀರ್ಪೆಂದು ಓದಬಾರದು. ಹಾಗೆಯೇ 8 ಮಿಲಿಮೀಟರಿಗಿಂತ ಚಿಕ್ಕ ಗಂಟುಗಳೂ, ನಿಧಾನವಾಗಿ ಬೆಳೆಯುವ ಕಾರ್ಸಿನಾಯ್ಡ್ ಎಂಬ ಗಡ್ಡೆಯಂಥವೂ ಕೆಟ್ಟವಾಗಿದ್ದರೂ ಮಂಕಾಗಿಯೇ ಕಾಣಬಹುದು.

ಆದ್ದರಿಂದಲೇ ಅದೇ ಮಂಚದ ಮೇಲೆ ಸಿಟಿಯನ್ನೂ ತೆಗೆದು, ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ನೋಡುತ್ತಾರೆ. ಹೊಳಪು ಎಷ್ಟೆಂದು ಪೆಟ್ ತೋರಿಸಿದರೆ, ಗಂಟಿನ ರೂಪವನ್ನು ಸಿಟಿ ತೋರಿಸುತ್ತದೆ. ಗಂಟಿನ ನಡುವೆ ಸುಣ್ಣ (ಕ್ಯಾಲ್ಸಿಯಂ) ಗಟ್ಟಿಯಾಗಿ ಕೂತಿದ್ದರೆ, ಅಥವಾ ಒಳಗೆ ಕೊಬ್ಬು ಕಂಡರೆ, ಅದು ಬಹುತೇಕ ನಿರಪಾಯಕಾರಿ. ದೊಡ್ಡಪ್ಪನದು ಬಲಗಡೆ ಮೇಲ್ಭಾಗದಲ್ಲಿ 16 ಮಿಲಿಮೀಟರ್ ಇದೆ, ಸುಣ್ಣವಿಲ್ಲ, ಅಂಚು ಮುಳ್ಳುಮುಳ್ಳಾಗಿ ಸುತ್ತ ಚಾಚಿದೆ ಎಂದು ಬರೆದಿದ್ದಾರೆ. ನನಗೆ ಕಳವಳವಾದದ್ದು ಹೊಳಪನ್ನು ಓದಿದಾಗ ಅಲ್ಲ, ಈ ಅಂಚಿನ ವಿವರ ಓದಿದಾಗ. ಹಾಗಿದ್ದೂ ಹಳೆಯ ಟಿಬಿ ಕಲೆಯ ಅಂಚೂ ಕೆಲವೊಮ್ಮೆ ಹೀಗೆಯೇ ಎಳೆದುಕೊಂಡಿರುತ್ತದೆ, ಅವರಿಗೆ ಹಿಂದೆ ಟಿಬಿ ಆಗಿದ್ದುದು ನಮಗೆಲ್ಲ ಗೊತ್ತೇ ಇದೆ.

ಮಾವ, ಮೊದಲು ಟಿಬಿ ಮಾತ್ರೆ ಕೊಟ್ಟು ಕೆಲವು ತಿಂಗಳು ನೋಡೋಣ ಎಂದಿರಿ. ದಯವಿಟ್ಟು ಬೇಡ. ಹಾಗೆ ಕಾಯುವಾಗಲೇ ಆಪರೇಷನ್‌ಗೆ ಒದಗುತ್ತಿದ್ದ ಕ್ಯಾನ್ಸರ್ ಕೈಮೀರಿ ಹೋಗುವುದುಂಟು. ಬಯಾಪ್ಸಿ ಮಾಡಿಸಿ, ತೆಗೆದ ಚೂರಿನಲ್ಲಿ ಕ್ಯಾನ್ಸರ್ ಜೊತೆಗೆ ಟಿಬಿಯನ್ನೂ ಪರೀಕ್ಷಿಸುವಂತೆ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಟಿಬಿ ಚಿಕಿತ್ಸೆಯ ಕಾಲದಲ್ಲಿ ಹಾಸನದಲ್ಲಿ ತೆಗೆಸಿದ್ದ ಎಕ್ಸ್‌ರೇ, ಸಿಟಿ ಫಿಲ್ಮುಗಳು ಬೀರುವಿನಲ್ಲಿದ್ದರೆ ಹುಡುಕಿ ತೆಗೆದಿಡಿ. ಗಟ್ಟಿ ಗಂಟೊಂದು ಎರಡು ವರ್ಷ ಬೆಳೆಯದೆ ಹಾಗೆಯೇ ಇದ್ದರೆ ಅದು ಸಾಮಾನ್ಯವಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಬೆಂಗಳೂರಿಗೆ ಹೊರಡುವಾಗ ಬರಿಯ ವರದಿಯ ಹಾಳೆ ಸಾಲದು, ಹಳೆಯ ಫಿಲ್ಮುಗಳನ್ನೂ ಹೊಸ ಸ್ಕ್ಯಾನಿನ ಸಿಡಿಯನ್ನೂ ಒಟ್ಟಿಗೆ ಕೊಂಡೊಯ್ಯಿರಿ.